ಬಳೆಯಿಲ್ಲದ ಕೈಗೆ ನೀರು

ಕರೇಗುಂಡಿನ ಬಾವಿಗಳೆಲ್ಲ ಜವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗಿಟ್ಟರೆ ಮುಖ ಕಿವುಚಿಕೊಳ್ಳುತ್ತದೆ. ಸಿಹಿನೀರು ಬೇಕಾದವರು ಊರ ಹಿಂದಿನ ಗುಡ್ಡಕ್ಕೇ ಹೋಗಬೇಕು. ಅಲ್ಲಿ ಮನೆಗಿಂತ ದೊಡ್ಡವಾದ ಎರಡು ಬಂಡೆಗಳು ಒಂದಕ್ಕೊಂದು ಒರಗಿ ನಿಂತಿವೆ. ನಡುವೆ ಒಬ್ಬರು ಮೈ ಓರೆ ಮಾಡಿ ಹೋಗುವಷ್ಟು ಸಂದಿ, ಸಂದಿಯ ಕೊನೆಗೆ ಬೇಸಿಗೆಯಲ್ಲೂ ಬತ್ತದ ಕಲ್ಲಿನ ದೊಣೆ. ಆ ನೀರು ಕುಡಿದವರು ಮತ್ತೆ ಬಾವಿಯ ನೀರಿಗೆ ಬಾಯಿ ಹಚ್ಚಲಾರರು. ಇದರಲ್ಲಿ ಬಡಾಯಿ ಏನೂ ಇಲ್ಲ, ಬೇಕಾದರೆ ಹೋಗಿ ಕುಡಿದು ನೋಡಿ.

ಆದರೆ ಆ ದೊಣೆಗೆ ಊರವರಷ್ಟೇ ಹಕ್ಕುದಾರರಲ್ಲ, ಕರಡಿಯೂ ಇದೆ. ಗಂಗಾವತಿ ಕಡೆಯವರು ಕರಡಿ ಕಂಡರೆ ಹಲಗೆ ಬಡಿದು ಅಟ್ಟುತ್ತಾರೆ, ಯಲಬುರ್ಗಿ ಕಡೆಯವರು ಪಂಜು ಹಿಡಿದು ಓಡಿಸುತ್ತಾರೆ, ಆಮೇಲೆ ಯಾರದೋ ಮೂಗು ಹೋಯಿತು, ಯಾರದೋ ಕಣ್ಣು ಹೋಯಿತು ಎಂದು ಅಳುತ್ತಾರೆ. ಕರೇಗುಂಡಿನಲ್ಲಿ ಆ ರಗಳೆಯೇ ಇಲ್ಲ. ಸಂದಿಯ ಬಾಯಲ್ಲಿ ಒಂದು ಚಪ್ಪಟೆ ಬಂಡೆ ಇದೆ. ನೀರಿಗೆ ಬಂದ ಹೆಂಗಸು ಅದರ ಮೇಲೆ ನಿಂತು ಎರಡೂ ಕೈಯ ಬಳೆ ಕುಲುಕಬೇಕು. ಒಳಗೆ ತಂಪಿಗೆ ಮಲಗಿದ ಕರಡಿ ಆ ಸದ್ದು ಕೇಳಿ ಎದ್ದು, ದೊಣೆಯ ಮೇಲಿರುವ ಕಿಂಡಿಯಿಂದ ಗುಡ್ಡ ಹತ್ತಿ ಹೋಗುತ್ತದೆ. ಹೋಗುವಾಗ ಮೇಲಿಂದ ಸಣ್ಣ ಕಲ್ಲಿನ ಹರಳು ಉದುರುತ್ತವೆ. ಹರಳು ಉದುರಿದರೆ ಹೋಯಿತು ಎಂದರ್ಥ, ಆಮೇಲೆ ಒಳಗೆ ಕಾಲಿಡಬೇಕು. ಒಂದು ಜೊತೆ ಕೈಗೆ ದಿನಕ್ಕೆ ಒಂದೇ ಕೊಡ. ಉಳಿದದ್ದು ಅದರ ಪಾಲು.

ಸೊಸೆಯಾಗಿ ಬಂದವಳನ್ನು ಮೊದಲ ದಿನವೇ ಅಲ್ಲಿಗೆ ಕರೆದೊಯ್ದು ಬಳೆ ಕುಲುಕಿಸುತ್ತಾರೆ, ಕರಡಿಗೆ ಗುರುತಾಗಲಿ ಎಂದು. ಗಂಡ ಸತ್ತವಳ ಬಳೆ ಒಡೆಯುವುದೂ ಅದೇ ಬಂಡೆಯ ಮೇಲೆ, ಅದೂ ಕರಡಿಗೆ ತಿಳಿಯಲಿ ಎಂದು. ಅಲ್ಲಿಂದ ಮುಂದೆ ಆ ಕೈಗೆ ದೊಣೆಯ ನೀರಿಲ್ಲ. ಯಾರು ಮಾಡಿದ ಕಟ್ಟಳೆಯೋ, ಯಾವ ಕಾಲದ್ದೋ, ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ದೊಡ್ಡ ಲಡಾಯಿ ನಡೆದು ಸೀಮೆಎಣ್ಣೆಗೂ ತತ್ವಾರವಾಗಿದ್ದ ಕಾಲ ಅದು. ಆ ವರ್ಷ ಫಕೀರಮ್ಮನ ಬಳೆ ಒಡೆದರು. ಗಂಡ ಓಬಳೆಪ್ಪ ಬಂಡೆ ಒಡೆಯುವ ಕೂಲಿಯವನು, ಆನೆಯಂಥ ಆಳು. ಎಡಗಾಲಿನ ಕಿರುಬೆರಳು ಕಲ್ಲಿನಡಿ ಸಿಕ್ಕು ಹಾರಿಹೋದಾಗಲೂ ಅರಿವೆ ಸುತ್ತಿಕೊಂಡು ಸಂಜೆಯವರೆಗೆ ಸುತ್ತಿಗೆ ಬೀಸಿದವನು. ಅಂಥವನನ್ನು ಚಳಿಜ್ವರ ನಾಲ್ಕೇ ದಿನಕ್ಕೆ ಮುಗಿಸಿಬಿಟ್ಟಿತು. ಫಕೀರಮ್ಮನಿಗೆ ಆಗ ಐದು ತಿಂಗಳು. ಹಿಂದೆ ಎರಡು ಬಸಿರು ನಿಲ್ಲದೆ ಹೋಗಿದ್ದವು, ಇದು ಮೂರನೆಯದು. ಅವಳ ಬಳೆ ಒಡೆದವಳು ಅತ್ತೆ ಮುದುಕಮ್ಮನೇ. ಕಲ್ಲು ಹಿಡಿದ ಆ ಕೈ ಒಂದಿಷ್ಟೂ ನಡುಗಲಿಲ್ಲ. ಸೊಸೆಗೆ ಅದು ಮರೆಯಲಾಗಲಿಲ್ಲ.

ಆದರೆ ಎರಡು ಬಳೆ ಉಳಿದಿದ್ದವು. ಕನಕಗಿರಿಯಿಂದ ಬರುವ ಬಳೆಗಾರ್ತಿ ಇಮಾಮಬೀಯ ಹತ್ತಿರ ಓಬಳೆಪ್ಪ ಏಳನೇ ತಿಂಗಳ ಕುಬುಸಕ್ಕೆ, ಅಂದರೆ ಸೀಮಂತಕ್ಕೆಂದು, ಮೊದಲೇ ಆರಿಸಿ ತಂದಿಟ್ಟಿದ್ದ ಹಸಿರು ಗಾಜಿನ ಬಳೆಗಳು. ತೊಟ್ಟವಲ್ಲವಲ್ಲ, ಒಡೆಯಬೇಕೆಂದು ಯಾರಿಗೂ ತೋಚಲಿಲ್ಲ. ಫಕೀರಮ್ಮ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ತಿರುಗುತ್ತಿದ್ದಳು.

ಹೀಗೆ ಮನೆಯಲ್ಲಿ ಗಂಡ ಸತ್ತ ಇಬ್ಬರು ಹೆಂಗಸರೇ ಆದರು, ಬಳೆಯಿದ್ದ ಕೈ ಒಂದೂ ಉಳಿಯಲಿಲ್ಲ. ನೆರೆಮನೆಯ ಕಳಕಮ್ಮ ತನ್ನ ಕೊಡದಲ್ಲೇ ಒಂದು ತಂಬಿಗೆ ಕೊಡುತ್ತಿದ್ದಳು. ಬದಲಿಗೆ ಫಕೀರಮ್ಮ ಸಂಜೆ ಹೋಗಿ ಅವರ ಸಜ್ಜೆ ಕುಟ್ಟಿಕೊಡುತ್ತಿದ್ದಳು. ತಂಬಿಗೆ ನೀರು ಯಾವ ಮೂಲೆಗೆ ಸಾಕು? ಬಾವಿಯ ನೀರು ಕುಡಿದರೆ ಕುಡಿದಷ್ಟೂ ವಾಂತಿ. ಕೈಕಾಲು ಬತ್ತಿದವು, ಕಣ್ಣು ಒಳಸೇರಿದವು. ಒಂದು ದಿನ ಹೊಟ್ಟೆಯೊಳಗಿನ ಮಿಸುಕಾಟವೂ ನಿಂತಂತಾಗಿ ಫಕೀರಮ್ಮ ಒಲೆಯ ಮುಂದೆ ಕೂತು ಗೋಳೋ ಎಂದು ಅತ್ತಳು.

"ಇದೂ ಹೊಕ್ಕೈತಿ ಅತ್ತಿ. ಇದೂ ನನ್ನ ಕೈಯಾಗ ನಿಲ್ಲಾಂಗಿಲ್ಲ."

"ಬಾಯಿ ಮುಚ್ಚ. ಅದು ನನ್ನ ಮಗನ ಕೂಸು, ಎಲ್ಲಿ ಹೊಕ್ಕೈತಿ?" ಎಂದಳು ಮುದುಕಮ್ಮ.

ಮರುದಿನ ಸಂಜೆ ಸಜ್ಜೆ ಕುಟ್ಟಿ ಬಂದು ನೋಡುತ್ತಾಳೆ, ಬೀಸುಕಲ್ಲಿನ ಪಕ್ಕದ ಕೊಡ ತುಂಬಿದೆ. ಬೆರಳದ್ದಿ ನಾಲಿಗೆಗಿಟ್ಟಳು. ದೊಣೆಯ ನೀರು! ಒಂದು ತಂಬಿಗೆ ಗಟಗಟ ಕುಡಿದಳು, ಇನ್ನೊಂದು ಕುಡಿದಳು, ಆಮೇಲೆ ತಂಬಿಗೆ ಕೆಳಗಿಟ್ಟು ಅತ್ತೆಯ ಕಡೆ ತಿರುಗಿದಳು.

"ಅತ್ತಿ, ಯಾರು ತಂದ್ರು ಇದನ್ನ?"

"ಕುಡಿ. ಕುಡಿಯೋರು ಕೇಳಬಾರದು."

"ಕಳಕವ್ವ ಕೊಟ್ಟಳೇನು?"

"ಅಕಿ ಕೊಡ ಕೊಡತಾಳೇನ, ಹುಚ್ಚಿ? ತನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿ?"

ಅದರ ಮರುದಿನವೂ ಕೊಡ ತುಂಬಿತ್ತು, ಮೂರನೆಯ ದಿನವೂ ತುಂಬಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಳ ಗುಡಿಸಲು ಬಂದ ಫಕೀರಮ್ಮ ಕಸಬರಿಗೆ ಕೈಯಲ್ಲೇ ಹಿಡಿದು ನಿಂತಳು. ಕೊಡ ತುಳುಕಿ ಹಸಿಯಾದ ಮಣ್ಣಿನಲ್ಲಿ ಒಂದು ಹೆಜ್ಜೆ ಮೂಡಿತ್ತು. ಬರಿಗಾಲಿನ ಹೆಜ್ಜೆ, ಎಡಗಾಲು. ಮೊರದಷ್ಟು ಅಗಲ ಎನ್ನುವುದು ಅತಿಯಾಯಿತು, ಆದರೆ ಊರಲ್ಲಿ ಅಷ್ಟು ಅಗಲದ ಕಾಲು ಒಬ್ಬನಿಗೇ ಇದ್ದದ್ದು. ಬೆರಳು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಕಿರುಬೆರಳಿನ ಜಾಗದಲ್ಲಿ ಮಣ್ಣು ನುಣ್ಣಗಿತ್ತು.

ಅವಳು ಕಿರುಚಲಿಲ್ಲ. ಹೆಜ್ಜೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಹೆದರಿಕೆಗೆ ಬೆನ್ನೆಲ್ಲ ಬೆವೆತಿತ್ತು. ಆದರೂ ಸುಳ್ಳೇಕೆ, ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ಸಂತೋಷವೂ ಆಗಿತ್ತು.

"ಅತ್ತಿ, ಅವರು ಬರಾಕ ಹತ್ಯಾರ," ಎಂದಳು ಒಳಗೆ ಹೋಗಿ.

ಮುದುಕಮ್ಮ ಹೊರಗೆ ಬಂದು ಹೆಜ್ಜೆ ನೋಡಿದಳು. ಮುದುಕಿಯ ಮುಖವೂ ಬಿಳುಚಿತು. ಸೊಸೆಯ ಕೈಯಿಂದ ಕಸಬರಿಗೆ ಕಸಿದು ಗುಡಿಸಲು ಬಾಗಿದವಳು, ಗುಡಿಸದೆ ಹಾಗೇ ನಿಂತಳು.

"ನನ್ನ ಮಗ ತರ್ತಾನ ಅನ್ಕೋ," ಎಂದಳು ಕಡೆಗೆ. "ಅನ್ಕೊಂಡು ಸುಮ್ನ ಕುಡಿ. ನೋಡಾಕ ಮಾತ್ರ ಹೋಗಬ್ಯಾಡ. ಕಳಕವ್ವನ ಮನಿಯಿಂದ ದೀಪ ಹಚ್ಚಿದ ಮ್ಯಾಲ ಬಾ, ಅದಕ್ಕಿಂತ ಮೊದಲ ಬರಬ್ಯಾಡ. ನನ್ನ ಆಣಿ ಐತಿ."

ಫಕೀರಮ್ಮ ಆಣೆಗೆ ಒಪ್ಪಿದಳು. ಅಂದಿನಿಂದ ಸಂಜೆ ಹೊರಡುವ ಮೊದಲು ಕಟ್ಟೆಯ ಮೇಲೆ ಒಂದು ರೊಟ್ಟಿ, ಒಂದು ತುಂಡು ಬೆಲ್ಲ ಇಟ್ಟು ಹೋಗುತ್ತಿದ್ದಳು. ಬೆಲ್ಲವೆಂದರೆ ಓಬಳೆಪ್ಪನಿಗೆ ಜೀವ. ಬಂದು ನೋಡಿದರೆ ತಟ್ಟೆ ನೆಕ್ಕಿಟ್ಟಷ್ಟು ಚೊಕ್ಕಟ. ದಿನೇ ದಿನೇ ಅವಳ ಮೈ ತುಂಬಿಕೊಂಡಿತು, ಹೊಟ್ಟೆಯೊಳಗಿನದು ಮತ್ತೆ ಒದೆಯತೊಡಗಿತು. ಓಣಿಯವರು ಏನು ತಿಂತೀಯವ್ವ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಒಂದು ದಿನ ತಟ್ಟೆಯ ಅಂಚಿಗೆ ಒಂದು ಕೂದಲು ಅಂಟಿತ್ತು. ಗೇಣುದ್ದ, ಕರ್ರಗೆ, ಒರಟು. ಓಬಳೆಪ್ಪನ ತಲೆಗೂದಲು ಹಾಗಿರಲಿಲ್ಲ. ಮೂಗಿನ ಹತ್ತಿರ ಹಿಡಿದಳು. ಕಾಡಿನ ವಾಸನೆ ಬಂತು.

ಆ ರಾತ್ರಿ ಅವಳಿಗೆ ಕಣ್ಣು ಹತ್ತಲಿಲ್ಲ. ಸತ್ತವನು ಯಾವ ರೂಪದಲ್ಲಿ ಬರುತ್ತಿದ್ದಾನೋ ನೋಡಲೇಬೇಕು ಎನ್ನಿಸಿಬಿಟ್ಟಿತು. ಅತ್ತೆಯ ಆಣೆ ಅತ್ತೆಗೇ ಇರಲಿ ಎಂದುಕೊಂಡಳು.

ಮರುಸಂಜೆ ಕಳಕಮ್ಮನ ಮನೆಗೆ ಹೋಗದೆ ಹಿತ್ತಲ ಗೋಡೆಯ ಮರೆಗೆ ನಿಂತಳು. ಹೊತ್ತು ಮುಳುಗಿ ಬಂಡೆಗಳ ಮೇಲೆ ಕೆಂಪು ಮಾತ್ರ ಉಳಿದಿತ್ತು. ಕೊಡ ಹೊತ್ತು ಬಾಗಿಲಿನಿಂದ ಹೊರಬಿದ್ದವಳು ಬೇರೆ ಯಾರೂ ಅಲ್ಲ, ಮುದುಕಮ್ಮನೇ! ಕೈಯಲ್ಲಿ ಬಳೆಯಿಲ್ಲ, ಕಾಲಲ್ಲಿ ಸದ್ದಿಲ್ಲ. ನೆಟ್ಟಗೆ ಗುಡ್ಡದ ದಾರಿ ಹಿಡಿದಳು. ಫಕೀರಮ್ಮ ಉಸಿರು ಬಿಗಿಹಿಡಿದು ಹಿಂದೆ ನಡೆದಳು.

ಹುಣಸೆಮರ ದಾಟಿದ ಮೇಲೆ ಬಂಡೆಗಳ ಸಾಲು. ಆ ಸಾಲಿನ ಒಂದು ಬಂಡೆ ಕದಲಿತು. ಕದಲಿದ್ದು ಬಂಡೆಯಲ್ಲ. ದೊಡ್ಡದೊಂದು ಕರಡಿ ತಲೆ ತಗ್ಗಿಸಿಕೊಂಡು, ಮುದುಕಮ್ಮನಿಗೆ ಹತ್ತು ಹೆಜ್ಜೆ ಹಿಂದೆ ನಡೆಯತೊಡಗಿತು. ಮುದುಕಿ ತಿರುಗಿ ನೋಡಲಿಲ್ಲ. ತನ್ನಷ್ಟಕ್ಕೆ ಏನೋ ಮಾತಾಡುತ್ತ ಹೋಗುತ್ತಿದ್ದಳು. ಗಾಳಿಗೆ ಮಾತು ಚೂರುಚೂರಾಗಿ ಕೇಳುತ್ತಿತ್ತು.

"ಪಾರಮ್ಮನ ಆಕಳು ಈಯ್ತು, ಹೆಣ್ಣು ಕರ... ಗೌಡನ ಮೊಣಕಾಲು ಬಾತೈತಿ... ಸೊಸಿ ಛಲೋ ಅದಾಳ, ಕೂಸು ಒದೀತೈತಿ..."

ಫಕೀರಮ್ಮ ಹುಣಸೆಮರದ ಮರೆಗೆ ಸರಿದಳು. ಪಾಪ ಮುದುಕಿ, ಒಬ್ಬಳೇ ಮಾತಾಡಿಕೊಂಡು ಹೊರಟಿದ್ದಾಳೆ, ಹಿಂದೆ ಏನು ಬರುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ! ಕೂಗೋಣವೆಂದರೆ ದನಿ ಹೊರಡಲಿಲ್ಲ. ಅಷ್ಟರಲ್ಲಿ ಮುದುಕಮ್ಮ ಚಪ್ಪಟೆ ಬಂಡೆ ಏರಿ, ಮೈ ಓರೆ ಮಾಡಿ ಸಂದಿಯೊಳಗೆ ಹೋದಳು. ಕರಡಿ ಬಂಡೆಯ ಮೇಲೆ ಕೂತಿತು. ಸ್ವಲ್ಪ ಹೊತ್ತು ಬಿಟ್ಟು ಎದ್ದು ನಿಂತು, ಸಂದಿಯ ಬಾಯಿಗೆ ಮೂತಿ ಇಟ್ಟು ಬುಸ್ಸೆಂದು ಉಸಿರೆಳೆಯಿತು.

ತಿಂದೇಬಿಡುತ್ತದೆ ಎಂದುಕೊಂಡಳು ಫಕೀರಮ್ಮ. ಕರೇಗುಂಡಿನ ಯಾವ ಹೆಂಗಸಾದರೂ ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದಳೋ ಅದನ್ನೇ ಅವಳೂ ಮಾಡಿದಳು. ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿ, ಎರಡೂ ಬಳೆಗಳನ್ನು ಒಂದೇ ಕೈಗೆ ತೂರಿಸಿ, ಕೈ ಮೇಲೆತ್ತಿ ಕುಲುಕಿದಳು.

ಗಾಜು ಗಣಗಣ ಎಂದಿತು.

ಕರಡಿ ಒಮ್ಮೆ ಬೆಚ್ಚಿ ತಲೆಯೆತ್ತಿತು. ಬಳೆ ಸದ್ದಾದರೆ ಮೇಲಿನ ಕಿಂಡಿಯಿಂದ ಹೋಗಬೇಕು. ಅದರ ತಾಯಿಗೆ, ತಾಯಿಯ ತಾಯಿಗೆ ಊರು ಕಲಿಸಿದ್ದು ಅದೊಂದೇ. ಕಿಂಡಿಗೆ ಹೋಗುವ ದಾರಿ ಸಂದಿಯೊಳಗೇ ಇತ್ತು. ಕರಡಿ ಧಡಧಡನೆ ಒಳಗೆ ನುಗ್ಗಿತು.

ಒಬ್ಬರೇ ಹಿಡಿಯುವ ಸಂದಿ ಅದು. ಕೊಡ ಒಡೆದ ಸದ್ದು ಬಂತು. ಮುದುಕಿಯ ದನಿ ಅಯ್ಯೋ ಎನ್ನಲಿಲ್ಲ, "ಯಾಕೋ?" ಎಂದಿತು, ಅಷ್ಟೆ. ಆಮೇಲೆ ಮೇಲಿನಿಂದ ಹರಳು ಉದುರಿದವು.

ಫಕೀರಮ್ಮ ಅತ್ತೆಯನ್ನು ಸಂದಿಯ ಹೊರಗೆ ಎಳೆತಂದು ಕೂಗಿಕೊಂಡಳು. ಊರವರು ಬಂದು ಮುದುಕಮ್ಮನನ್ನು ಹೊರಸಿನ ಮೇಲೆ ಹೊತ್ತು ತಂದರು. ಉಗುರಿನ ಗಾಯ ಒಂದೂ ಇರಲಿಲ್ಲ. ಬಂಡೆಗೂ ಕರಡಿಯ ಮೈಗೂ ನಡುವೆ ಸಿಕ್ಕು ಎದೆಗೂಡು ಮುರಿದಿತ್ತು. ಮೂರು ದಿನ ಬದುಕಿದ್ದಳು. ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ ಫಕೀರಮ್ಮ ಅವಳ ಕಾಲು ಹಿಡಿದುಕೊಂಡಳು.

"ನಾನ ಅತ್ತಿ. ಬಳಿ ಬಾರಿಸಿದಾಕಿ ನಾನ. ಕುಬುಸದ ಬಳಿ ಮುಚ್ಚಿಟ್ಟಿದ್ದೆ."

"ಗೊತ್ತೈತಿ. ಸದ್ದು ಕೇಳಿದೆನಲ್ಲ," ಎಂದಳು ಮುದುಕಮ್ಮ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಅದರದ ತಪ್ಪಿಲ್ಲ. ಬಳಿ ಸದ್ದಿಗೆ ಹೋಗಂತ ನಾವ ಕಲಿಸೇವಿ. ನಿನ್ನ ಮಾವ ಹೋದಾಗ ನನ್ನ ಹೊಟ್ಟ್ಯಾಗ ನಿನ್ನ ಗಂಡ ಇದ್ದ. ನನಗೂ ಬಾವಿ ನೀರು ಇಳೀಲಿಲ್ಲ. ಸತ್ರ ಸಾಯಲಿ ಅಂತ ಬರಿಗೈಲೆ ಹೋಗಿ, ಆ ಬಂಡಿ ಮ್ಯಾಲ ಕುಂತು ನನ್ನ ಸುಖದುಃಖ ಎಲ್ಲಾ ಹೇಳಿದೆ. ಆಗ ಇದರ ತಾಯಿ ಇತ್ತು. ಹೊರಗ ಬಂದು ಕುಂತಿತು. ನಾ ತುಂಬಕೊಂಡ ಮ್ಯಾಲ ಅದು ಕುಡೀತು. ನೀ ಸೊಸಿಯಾಗಿ ಬರೂತನಕ ಹಂಗ ನಡೀತು. ಮಾತು ಕೇಳಿದ್ರ ಹಾದಿ ಬಿಡತಾವು, ತಂಗಿ. ಬಳಿನ ಬೇಕಂತಿಲ್ಲ."

"ಇದನ್ನ ಮೊದಲ ನನಗ ಹೇಳಬಾರದಾಗಿತ್ತ?" ಫಕೀರಮ್ಮ ಹಣೆ ಚಚ್ಚಿಕೊಂಡಳು.

"ಹೇಳಿದ್ರ ನೀನೂ ಬರತಿದ್ದಿ. ಬಸರಿ ಹೆಂಗಸು, ಜಾರಿದ್ರ?"

ಫಕೀರಮ್ಮ ಅಷ್ಟು ದಿನ ನುಂಗಿಕೊಂಡಿದ್ದ ಮಾತನ್ನು ಕೇಳಿದಳು.

"ಅದರ ಎಡಗಾಲಿಗೆ ಕಿರುಬೆರಳಿಲ್ಲ ಅತ್ತಿ. ಮೊದಲಿಂದ ಇರಲಿಲ್ಲೇನ?"

ಮುದುಕಮ್ಮ ಸೊಸೆಯ ಮುಖವನ್ನೇ ನೋಡಿದಳು. "ಮೊದಲ ಇತ್ತು," ಎಂದಳು. "ಈ ಮೂರು ತಿಂಗಳಾಗ ಹೋಗೈತಿ." ಅವಳ ಬಾಯಿಂದ ಬಂದ ಕೊನೆಯ ಮಾತು ಅದೇ.

ಮಣ್ಣು ಮಾಡಿ ಬಂದ ಸಂಜೆಯೇ ಚಾವಡಿಯಲ್ಲಿ ಊರು ಸೇರಿತು. ಊರ ಗೌಡ ಗವಿಸಿದ್ದಪ್ಪ ಬಾತ ಮೊಣಕಾಲು ಚಾಚಿಕೊಂಡು ಕೂತಿದ್ದ.

"ಮಂದಿ ಮೈಮ್ಯಾಲ ಬಿದ್ದ ಪ್ರಾಣೀನ ಬಿಡಬಾರದು. ನಾಳೆ ಕೊಪ್ಪಳಕ್ಕ ದರಖಾಸ್ತು ಹೋಗಲಿ. ಬಂದೂಕಿನವರು ಬರಲಿ, ಕಿಂಡಿಗೆ ಹೊಗಿ ಹಾಕಿ ಹೊಡದು ಬಿಡಲಿ," ಎಂದ.

ಕೂತವರೆಲ್ಲ ತಲೆಯಾಡಿಸಿದರು. ಹೆಂಗಸರ ಗುಂಪಿನಿಂದ ಫಕೀರಮ್ಮ ಎದ್ದಳು. ಎಂಟು ತಿಂಗಳ ಹೊಟ್ಟೆ, ಕಂಬ ಹಿಡಿದುಕೊಂಡೇ ನಿಂತಳು. ಈ ಮಾತು ಹೇಳಿದರೆ ಊರಲ್ಲಿ ತನ್ನ ಬಾಳು ಮುಗಿಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೆರಗಿನ ಗಂಟು ಬಿಚ್ಚಿ ಬಳೆಗಳನ್ನು ಎತ್ತಿ ತೋರಿಸಿದಳು.

"ಅದು ಮೈಮ್ಯಾಲ ಬಿದ್ದಿಲ್ಲರಿ. ನಮ್ಮತ್ತಿ ಒಳಗಿದ್ಲು, ಅದು ಹೊರಗ ಕುಂತಿತ್ತು. ನಾನು ಈ ಬಳಿ ಬಾರಿಸಿದೆ. ನೀವು ಕಲಿಸಿದ್ಹಂಗ ಅದು ಕಿಂಡಿಗೆ ಓಡಿತು. ಹೊಡ್ಯೂದಿದ್ರ ನನ್ನ ಹೊಡೀರಿ."

ಚಾವಡಿಯಲ್ಲಿ ಗದ್ದಲವೆದ್ದಿತು. ಗಂಡ ಸತ್ತವಳ ಹತ್ತಿರ ಬಳೆ! ಬಳೆಯಿಲ್ಲದ ಮುದುಕಿ ದೊಣೆಯಲ್ಲಿ! ಕಳಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಗವಿಸಿದ್ದಪ್ಪ ಕೋಲಿನಿಂದ ನೆಲ ಕುಟ್ಟಿದ.

"ಒಡಿ ಅವನ್ನ. ಇಲ್ಲೇ ಒಡಿ!"

"ಇಲ್ಲಿ ಒಡ್ಯಾಂಗಿಲ್ಲರಿ. ಒಡೆದದ್ದು ತಿಳೀಬೇಕಾದವರು ಅಲ್ಲಿ ಗುಡ್ಡದಾಗ ಅದಾರ."

ಗೌಡ ಕೋಲು ಪಕ್ಕಕ್ಕಿಟ್ಟ. ದರಖಾಸ್ತು ಹೋಗಲಿಲ್ಲ. ಆದರೆ ಫಕೀರಮ್ಮನ ಮನೆಗೆ ಯಾರೂ ಒಂದು ತಂಬಿಗೆ ನೀರೂ ಕೊಡಕೂಡದು ಎಂದು ಅಲ್ಲೇ ಠರಾವಾಯಿತು.

ಮೂರು ದಿನ ಬಾವಿಯ ನೀರು ಕುಡಿದಳು, ಮೂರು ದಿನವೂ ಕಕ್ಕಿದಳು. ಕೂಸಿನ ಒದೆತ ಮತ್ತೆ ಸಣ್ಣದಾಯಿತು. ನಾಲ್ಕನೆಯ ಸಂಜೆ ಕೊಡ ಎತ್ತಿಕೊಂಡು ಗುಡ್ಡದ ದಾರಿ ಹಿಡಿದಳು. ಅವಳು ಹೋಗುವುದನ್ನು ಓಣಿಯೆಲ್ಲ ನೋಡಿತು, ಬೇಡವೆಂದವರಿಲ್ಲ. ಕಳಕಮ್ಮನ ಮನೆಯ ಬಾಗಿಲು ಮಾತ್ರ ಮೆಲ್ಲಗೆ ಮುಚ್ಚಿಕೊಂಡಿತು.

ಚಪ್ಪಟೆ ಬಂಡೆಯ ಮೇಲೆ ಕೂತಳು. ಎರಡೂ ಬಳೆಗಳನ್ನು ಮುಂದಿಟ್ಟು ಕಲ್ಲೆತ್ತಿ ಒಡೆದಳು. ಅತ್ತೆಯ ಕೈಯಂತೆ ಅವಳ ಕೈಯೂ ನಡುಗಲಿಲ್ಲ. ಬಳೆಯಿಲ್ಲದ ಕೈಗೂ ನೀರುಂಟೆಂದು ತಿಳಿದ ಕೈ ಯಾಕೆ ನಡುಗೀತೆಂದು ಅವಳಿಗೆ ಈಗ ಅರ್ಥವಾಯಿತು.

"ಇನ್ನ ನನ್ನ ಕೈಯಿಂದ ಸದ್ದು ಬರಾಂಗಿಲ್ಲ," ಎಂದಳು ಕತ್ತಲ ಸಂದಿಗೆ. "ಅತ್ತಿ ಹ್ವಾದಳು. ನಾನ ಕೊಂದೆ. ನಿನಗೂ ಬೇಕಾದಾಕಿ ಆಗಿದ್ಲು, ಅದಕ ಹೇಳಾಕ ಬಂದೆ. ಈಗ ಮನ್ಯಾಗ ನಾನೊಬ್ಬಾಕಿ, ಹೊಟ್ಟ್ಯಾಗ ಒಂದೈತಿ. ಅದಕ್ಕ ನೀರು ಬೇಕು."

ಹರಳು ಉದುರಲಿಲ್ಲ. ಒಳಗೆ ದೊಡ್ಡದೊಂದು ಉಸಿರು ಒಳಹೋಯಿತು, ಹೊರಬಂತು. ಆ ಉಸಿರು ಹತ್ತಿರ ಹತ್ತಿರ ಬಂತು. ಫಕೀರಮ್ಮ ಕಣ್ಣು ಮುಚ್ಚಿದಳು. ಒರಟು ಕೂದಲು ಅವಳ ಹೊಟ್ಟೆಗೆ ಸವರಿಕೊಂಡು ದಾಟಿತು. ಒಳಗಿನಿಂದ ಕೂಸು ಝಾಡಿಸಿ ಒದೆಯಿತು. ಕಣ್ಣು ಬಿಟ್ಟಾಗ ಕರಡಿ ಬಂಡೆಯ ಆ ತುದಿಗೆ, ಅವಳಿಗೆ ಬೆನ್ನು ಮಾಡಿ, ಊರಿನ ಕಡೆ ನೋಡುತ್ತ ಕೂತಿತ್ತು. ಓಬಳೆಪ್ಪ ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಹಾಗೇ ಕೂರುತ್ತಿದ್ದ.

ಅವಳು ಮೈ ಓರೆ ಮಾಡಿ ಒಳಗೆ ಹೋದಳು. ಹೊಟ್ಟೆ ಬಂಡೆಗೆ ಒತ್ತಿತು, ಆದರೂ ಹಿಡಿಯಿತು. ಕೊಡ ತುಂಬಿಕೊಂಡು ಬಂದು ಇಳಿಯತೊಡಗಿದಳು. ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ತರಗೆಲೆ ಸರಸರ ಎನ್ನುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಹುಣಸೆಮರದ ಹತ್ತಿರ ಬಂದಾಗ ಗಂಟಲು ಸರಿಮಾಡಿಕೊಂಡು, ಮೊದಲು ಮೆಲ್ಲಗೆ, ಆಮೇಲೆ ಮನೆಯವನ ಹತ್ತಿರ ಆಡುವ ದನಿಯಲ್ಲೇ, ದಿನದ ಸುದ್ದಿ ಹೇಳುತ್ತ ನಡೆದಳು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ಹಸಿಮಣ್ಣಿನಲ್ಲಿ ಎಡಗಾಲಿನ ಹೆಜ್ಜೆ, ನಾಲ್ಕೇ ಬೆರಳು. ಫಕೀರಮ್ಮ ಕಸಬರಿಗೆ ತಂದು ಸುತ್ತಲಿನ ಅಂಗಳವನ್ನೆಲ್ಲ ಗುಡಿಸಿದಳು, ಅದೊಂದನ್ನು ಬಿಟ್ಟು.